ಭಾವನ ಸ್ಟುಡಿಯೋದ ಹಾರ್ಡ್ ಡಿಸ್ಕ್‌ಗಳು: ಆಟಿ ತಿಂಗಳ ರಿಪೇರಿ ಕೆಲಸ

ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ನಮ್ಮ ಕಡೆ ಶುಭಕಾರ್ಯ ಇಟ್ಟುಕೊಳ್ಳುವುದಿಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಸ್ಟುಡಿಯೋ ನಡೆಸುವ ನನ್ನ ಭಾವನಿಗೆ ಬಿಡುವು ಸಿಗುವುದು ಆಗಲೇ. ಏಪ್ರಿಲ್, ಮೇ ತಿಂಗಳಲ್ಲಿ ತೆಗೆದ ಮದುವೆ ವಿಡಿಯೋಗಳ ಎಡಿಟಿಂಗ್ ಎಲ್ಲ ಆ ಮಳೆಯಲ್ಲಿ ಕೂತು ಮುಗಿಸುತ್ತಾರೆ. ಈ ಸಲ ಜುಲೈ ಕೊನೆಯಲ್ಲಿ ಅವರ ಫೋನ್ ಬಂತು.

"ಕಂಪ್ಯೂಟರ್ ಒಳಗೆ ಟಿಕ್ ಟಿಕ್ ಅಂತ ಕೇಳ್ತಾ ಉಂಟು ಮಾರಾಯ. ಒಂದು ಫೋಲ್ಡರ್ ತೆರೆದರೆ ಐದು ನಿಮಿಷ ಸುತ್ತುತ್ತಾ ಇರ್ತದೆ. ಒಮ್ಮೆ ಬಂದು ನೋಡ್ತೀಯಾ?"

"ಭಾವ, ಮೊದಲು ಆಫ್ ಮಾಡಿ. ನಾನು ಬರುವವರೆಗೆ ಆನ್ ಮಾಡ್ಬೇಡಿ."

"ಡಿಸ್ಕ್ ಚೆಕ್ ಮಾಡ್ಬೇಕಾ ಅಂತ ವಿಂಡೋಸ್ ಕೇಳ್ತಾ ಉಂಟಲ್ಲ?"

"ಬೇಡ. ಅದನ್ನು ಒತ್ತಲೇಬೇಡಿ."

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ಆ ಚೆಕ್ ಮಾಡುವ ಪ್ರೋಗ್ರಾಂ ಫೈಲ್ ಸಿಸ್ಟಮ್ (ಯಾವ ಫೈಲ್ ಎಲ್ಲಿದೆ ಎಂಬ ವ್ಯವಸ್ಥೆ) ಸರಿಮಾಡಲು ಹೊರಡುತ್ತದೆ, ನಿಮ್ಮ ಡೇಟಾ ಉಳಿಸಲು ಅಲ್ಲ. ಸಾಯುತ್ತಿರುವ ಡಿಸ್ಕಿನ ಮೇಲೆ ಅದು ಬರೆಯುತ್ತದೆ, ಡೇಟಾ ಓದುವ ಹೆಡ್ ಅನ್ನು ಗಂಟೆಗಟ್ಟಲೆ ಓಡಿಸುತ್ತದೆ, ಅರ್ಧಂಬರ್ಧ ಓದಿದ ಫೈಲನ್ನು ತುಂಡು ಮಾಡಿ ಬಿಡುತ್ತದೆ. ಉಳಿಯಬಹುದಾಗಿದ್ದ ಫೋಟೋಗಳು ಹೀಗೆ ಹೋದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನೀರ್ಚಾಲಿನಿಂದ ಬದಿಯಡ್ಕಕ್ಕೆ ದೂರವೇನಿಲ್ಲ. ಅರ್ಧ ಗಂಟೆಯಲ್ಲಿ ಅಲ್ಲಿದ್ದೆ.

ಮೊದಲ ದಿನ: ಶಬ್ದ

ಕ್ಯಾಬಿನೆಟ್ ತೆರೆದಾಗ ಒಳಗೆ ಮೂರು ಡ್ರೈವ್ ಇದ್ದವು. ವಿಂಡೋಸ್‌ಗೆ 240 ಜಿಬಿಯ, ಬರೀ ಚಿಪ್‌ಗಳಿಂದಾದ ಎಸ್‌ಎಸ್‌ಡಿ. ಎಡಿಟಿಂಗ್‌ಗೆ 2 ಟಿಬಿಯ ಮೂರೂವರೆ ಇಂಚಿನ ಹಾರ್ಡ್ ಡಿಸ್ಕ್. ಇನ್ನೊಂದು 1 ಟಿಬಿಯದ್ದು, ಹಾಡು ಮತ್ತು ಆಲ್ಬಮ್ ಡಿಸೈನ್‌ಗಳಿಗೆ. ಶಬ್ದ ಬರುತ್ತಿದ್ದದ್ದು ಎಡಿಟಿಂಗ್ ಡಿಸ್ಕಿನಿಂದ. ಅದರಲ್ಲಿ ಇನ್ನೂ ಮನೆಯವರಿಗೆ ಕೊಡದ ಐದು ಮದುವೆಗಳಿದ್ದವು. ಕ್ಯಾಮೆರಾದ ಕಾರ್ಡುಗಳನ್ನು ಆಗಲೇ ಅಳಿಸಿ ಬೇರೆ ಕೆಲಸಕ್ಕೆ ಬಳಸಿ ಆಗಿತ್ತು. ಬೇರೆ ಕಾಪಿ ಇರಲಿಲ್ಲ.

ಹಾರ್ಡ್ ಡಿಸ್ಕಿನ ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿವೆ. 7200 ಆರ್‌ಪಿಎಂ ಎಂದರೆ ಆ ತಟ್ಟೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಮೂರೂವರೆ ಇಂಚಿನ ಡ್ರೈವಿನಲ್ಲಿ ತಟ್ಟೆಯ ಅಂಚು ಗಂಟೆಗೆ 120 ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ ಹೋಗುತ್ತಿರುತ್ತದೆ. ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಹೆಡ್ ತೇಲುತ್ತದೆ. ನಮ್ಮ ತಲೆಕೂದಲು ಅದಕ್ಕಿಂತ ಸಾವಿರಾರು ಪಟ್ಟು ದಪ್ಪ. ತಟ್ಟೆಯ ಮೇಲೆ ಅಲ್ಲಲ್ಲಿ ಗುರುತುಗಳು ಬರೆದಿರುತ್ತವೆ. ಅವನ್ನು ಓದಿಯೇ ಹೆಡ್ ತಾನು ಎಲ್ಲಿದ್ದೇನೆ ಎಂದು ತಿಳಿಯುವುದು. ಗುರುತು ಸಿಗದಿದ್ದರೆ ಅದು ಹಿಂದಕ್ಕೆ ಹೋಗಿ ಮತ್ತೆ ಬರುತ್ತದೆ. ಮತ್ತೆ ಸಿಗಲಿಲ್ಲ, ಮತ್ತೆ ಹಿಂದಕ್ಕೆ. ಆ ಹೋಗಿಬರುವ ಶಬ್ದವೇ ಟಿಕ್ ಟಿಕ್.

ಇದರಲ್ಲಿ ಎರಡು ಬಗೆ ಇದೆ. ಕರೆಂಟ್ ಕೊಟ್ಟ ಕೂಡಲೇ ತಾಳ ಹಾಕಿದ ಹಾಗೆ ಬಿಡದೆ ಟಿಕ್ ಟಿಕ್ ಎಂದು, ಕಂಪ್ಯೂಟರಿಗೆ ಡ್ರೈವ್ ಕಾಣಿಸದೇ ಇದ್ದರೆ ಹೆಡ್ ಹೋಗಿದೆ ಎಂದೇ ತಿಳಿಯಬೇಕು. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಧೂಳಿಲ್ಲದ ಕೋಣೆ ಇರುವ ಡೇಟಾ ರಿಕವರಿ ಲ್ಯಾಬಿಗೇ ಕಳಿಸಬೇಕು. ಮನೆಯಲ್ಲಿ ಮುಚ್ಚಳ ತೆರೆಯಬಾರದು, ಒಂದು ಧೂಳಿನ ಕಣ ಸಾಕು ಎಲ್ಲ ಕೆರೆದು ಹಾಕಲು. ಆದರೆ ಡ್ರೈವ್ ಕಾಣಿಸುತ್ತದೆ, ಯಾವುದೋ ಕೆಲವು ಜಾಗ ಓದುವಾಗ ಮಾತ್ರ ತಡವರಿಸುತ್ತದೆ ಎಂದಾದರೆ ಒಂದು ಅವಕಾಶ ಇದೆ. ಭಾವನ ಡ್ರೈವ್ ಈ ಎರಡನೇ ಬಗೆಯದ್ದು.

ವಿಂಡೋಸ್ ಬದಲು ಬಳಸುವ ಲಿನಕ್ಸ್ ಇದ್ದ ಪೆನ್ ಡ್ರೈವ್ ಹಾಕಿ ಕಂಪ್ಯೂಟರ್ ಶುರು ಮಾಡಿದೆ. ಲಿನಕ್ಸ್ ಏಕೆಂದರೆ ನಾವು ಹೇಳದೆ ಅದು ಡಿಸ್ಕನ್ನು ಮುಟ್ಟದ ಹಾಗೆ ಮಾಡಬಹುದು. ಭಾವನ ಮಗಳು, ಎಂಟನೇ ತರಗತಿಯ ನನ್ನ ಸೊಸೆ, ಪಕ್ಕದಲ್ಲಿ ಕೂತಿದ್ದಳು.

"ಮಾವ, ಇದು ನಮ್ಮ ಶಾಲೆಯ ಕಂಪ್ಯೂಟರಿನ ಹಾಗೇ ಉಂಟಲ್ಲ!"

ಕೇರಳದ ಶಾಲೆಗಳಲ್ಲಿ ಕೈಟ್‌ನವರು (ಶಾಲೆಗಳ ಕಂಪ್ಯೂಟರ್ ಕಲಿಕೆ ನೋಡಿಕೊಳ್ಳುವ ಸರಕಾರಿ ಸಂಸ್ಥೆ) ಕೊಟ್ಟ ಲಿನಕ್ಸ್ ಇದೆಯಲ್ಲ, ಅದರಲ್ಲಿ ಕಲಿತ ಮಕ್ಕಳಿಗೆ ಇದು ಹೊಸತಲ್ಲ. ಆ ದಿನದಿಂದ ಅವಳೇ ನನ್ನ ಸಹಾಯಕಿ.

ಸ್ಮಾರ್ಟ್ ಲೆಕ್ಕ ತೆಗೆದೆವು. ಪ್ರತಿ ಡ್ರೈವ್ ತನ್ನ ಆರೋಗ್ಯದ ದಾಖಲೆಯನ್ನು ತಾನೇ ಇಟ್ಟುಕೊಳ್ಳುತ್ತದೆ, ಅದೇ ಸ್ಮಾರ್ಟ್. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿದರೂ ಇದೇ ಪಟ್ಟಿ ಸಿಗುತ್ತದೆ. ಅದರಲ್ಲಿ ನಾನು ಮೊದಲು ನೋಡುವುದು ನಾಲ್ಕು ಸಾಲು. 5ನೇ ನಂಬರ್, ಹಾಳಾದ ಸೆಕ್ಟರಿನ (ತಟ್ಟೆಯ ಮೇಲಿನ ಒಂದು ಸಣ್ಣ ತುಂಡು ಜಾಗ) ಬದಲು ಮೀಸಲು ಸೆಕ್ಟರ್ ಬಳಸಿದ ಲೆಕ್ಕ: 1,304. 197, ಓದಲಾಗದೆ ಬಾಕಿ ಉಳಿದ ಸೆಕ್ಟರ್: 216. 199, ಕೇಬಲ್‌ನಲ್ಲಿ ಆದ ತಪ್ಪು: ಸೊನ್ನೆ. 9, ಓಡಿದ ಗಂಟೆ: 31,420. ಹಗಲು ರಾತ್ರಿ ಲೆಕ್ಕ ಹಾಕಿದರೆ ಮೂರೂವರೆ ವರ್ಷಕ್ಕಿಂತ ಜಾಸ್ತಿ ತಿರುಗಿದ ಡ್ರೈವ್.

ಇಷ್ಟೆಲ್ಲ ಇದ್ದರೂ ಪಟ್ಟಿಯ ಮೇಲ್ಗಡೆ ಒಟ್ಟು ಫಲಿತಾಂಶ "ಪಾಸ್" ಎಂದೇ ಇತ್ತು. ಆ ಒಂದು ಪದ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. 197 ಸೊನ್ನೆಗಿಂತ ಮೇಲೆ ಹೋಯಿತೆಂದರೆ ಅದೇ ದಿನ ಕಾಪಿ ಮಾಡಲು ಶುರು ಮಾಡಿ.

ಎರಡು ಹಗಲು, ಮೂರು ರಾತ್ರಿ

ಡಿಡಿರೆಸ್ಕ್ಯೂ ಎಂಬ ಉಚಿತ ಪ್ರೋಗ್ರಾಂ ಇದೆ. ಸಾಮಾನ್ಯ ಕಾಪಿ ಒಂದು ಹಾಳು ಸೆಕ್ಟರ್ ಸಿಕ್ಕಿದರೆ ಅಲ್ಲೇ ಹಟ ಹಿಡಿದು ನಿಲ್ಲುತ್ತದೆ. ಡಿಡಿರೆಸ್ಕ್ಯೂ ಹಾಗಲ್ಲ. ಸುಲಭಕ್ಕೆ ಬರುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ, ಕಷ್ಟದ ಜಾಗವನ್ನು ಗುರುತು ಹಾಕಿ ಮುಂದೆ ಹೋಗುತ್ತದೆ. ಆಮೇಲೆ ಬಿಟ್ಟುಬಂದ ಜಾಗಕ್ಕೆ ವಾಪಸ್ ಹೋಗುತ್ತದೆ. ಎಲ್ಲಿಯವರೆಗೆ ಬಂತು ಎಂಬ ಲೆಕ್ಕ ಒಂದು ಮ್ಯಾಪ್ ಫೈಲಿನಲ್ಲಿ ಇರುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಬದಿಯಡ್ಕದ ಜುಲೈ ತಿಂಗಳಲ್ಲಿ ಇದು ಸಣ್ಣ ವಿಷಯ ಅಲ್ಲ.

ಕಾಪಿ ಹೋಗುವ ಜಾಗಕ್ಕೆ ನನ್ನದೇ 4 ಟಿಬಿ ಡ್ರೈವ್ ತಂದೆ. ಇಲ್ಲಿ ಒಂದೇ ಒಂದು ಅಪಾಯ, ಆದರೆ ದೊಡ್ಡದು. ಯಾವುದರಿಂದ ಯಾವುದಕ್ಕೆ ಎಂಬುದನ್ನು ಅದಲು ಬದಲು ಮಾಡಿದರೆ ಖಾಲಿ ಡಿಸ್ಕ್ ಹೋಗಿ ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ. ಹಾಗಾಗಿ ಎರಡು ಡ್ರೈವಿನ ಸೀರಿಯಲ್ ನಂಬರ್ ಕಾಗದದಲ್ಲಿ ಬರೆದೆವು. ಸೊಸೆ ಡ್ರೈವಿನ ಲೇಬಲ್ ನೋಡಿ ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದಳು, ನಾನು ಪರದೆಯಲ್ಲಿ ಹೊಂದಿಸಿದೆ. ಎರಡು ಸಲ ಮಾಡಿದ ಮೇಲೆಯೇ ಎಂಟರ್ ಒತ್ತಿದ್ದು. ಮ್ಯಾಪ್ ಫೈಲನ್ನು ಬೇರೆ ಪೆನ್ ಡ್ರೈವಿನಲ್ಲಿ ಇಟ್ಟೆ. ಡ್ರೈವ್ ಬಿಸಿಯಾಗದಂತೆ ಟೇಬಲ್ ಫ್ಯಾನ್ ಎದುರಿಗೆ ಇಟ್ಟೆವು.

ಆರೋಗ್ಯ ಇರುವ 2 ಟಿಬಿ ಡ್ರೈವ್ ಪೂರ್ತಿ ಓದಲು ನಾಲ್ಕೈದು ಗಂಟೆ ಸಾಕು. ಇದಕ್ಕೆ ಮೊದಲ ಸುತ್ತಿಗೇ ಹನ್ನೊಂದು ಗಂಟೆ ಬೇಕಾಯಿತು. ಆದರೆ ಆ ಸುತ್ತಿನಲ್ಲೇ 99.9 ಶೇಕಡಾ ಬಂದಿತ್ತು. ಉಳಿದ ಚೂರಿಗಾಗಿ ಮೂರು ಸಲ ಪ್ರಯತ್ನಿಸಲು ಹೇಳಿ ಬಿಟ್ಟೆ. ಅದಕ್ಕೇ ಎರಡು ರಾತ್ರಿ ಹಿಡಿಯಿತು. ಕೊನೆಗೆ ಓದಲು ಸಿಗದೇ ಉಳಿದದ್ದು 1.2 ಎಂಬಿ.

ಆ 1.2 ಎಂಬಿ ಯಾವ ಫೈಲಿನದ್ದು ಎಂದು ತಿಳಿಯಬೇಕಲ್ಲ? ಅದಕ್ಕೆ ಒಂದು ದಾರಿ ಇದೆ. ಓದಲಾಗದ ಜಾಗಗಳಲ್ಲಿ ಒಂದು ಗುರುತಿನ ಪದವನ್ನು ಡಿಡಿರೆಸ್ಕ್ಯೂವಿನಿಂದಲೇ ತುಂಬಿಸಬಹುದು. ಆಮೇಲೆ ಆ ಪದ ಯಾವ ಫೈಲಿನಲ್ಲಿ ಇದೆ ಎಂದು ಹುಡುಕಿದರೆ ಆಯಿತು. ಮೂರು ವಿಡಿಯೋ ಕ್ಲಿಪ್ ಸಿಕ್ಕವು. ಎರಡು ಊಟದ ಪಂಕ್ತಿಯದ್ದು. ಒಂದು ಧಾರೆಯದ್ದು. ಭಾವನ ಮುಖ ಸಣ್ಣದಾಯಿತು. ಆದರೆ ಧಾರೆಗೆ ಎರಡು ಕ್ಯಾಮೆರಾ ಇಟ್ಟಿದ್ದರು. ಎರಡನೇ ಕ್ಯಾಮೆರಾದ ಕ್ಲಿಪ್ ಪೂರ್ತಿ ಸರಿಯಿತ್ತು.

ಇನ್ನೊಂದು ಮಾತು. ಡಿಲೀಟ್ ಆದದ್ದನ್ನು ಹುಡುಕಿಕೊಡುವ ಫೋಟೋರೆಕ್ ತರಹದ ಪ್ರೋಗ್ರಾಂ ಅನ್ನು ಎಲ್ಲರೂ ಮೊದಲು ಹಾಕುತ್ತಾರೆ. ಅದು ಒಳ್ಳೆಯ ಪ್ರೋಗ್ರಾಂ. ಆದರೆ ಫೈಲಿನ ಹೆಸರು, ಫೋಲ್ಡರ್ ಯಾವುದೂ ಉಳಿಯುವುದಿಲ್ಲ. ಬರೀ ನಂಬರ್ ಇರುವ ನಲ್ವತ್ತು ಸಾವಿರ ಫೋಟೋ ಸಿಕ್ಕಿದರೆ ಯಾರ ಮದುವೆ ಯಾವುದು ಎಂದು ಬೇರ್ಪಡಿಸುವುದು ಹೇಗೆ? ಡಿಸ್ಕಿನ ಪೂರ್ತಿ ಪ್ರತಿಯನ್ನು ತೆಗೆದು, ಅದನ್ನು ಓದಲು ಮಾತ್ರ ತೆರೆದರೆ "ಪೆರ್ಲ ಮದುವೆ", "ಉಪ್ಪಳ ನಿಕಾಹ್" ಎಂಬ ಫೋಲ್ಡರ್‌ಗಳು ಇದ್ದ ಹಾಗೇ ಕಾಣುತ್ತವೆ. ಫೋಟೋರೆಕ್ ಕೊನೆಯ ದಾರಿ.

ಕಪಾಟಿನ ಒಂಬತ್ತು

ಎಡಿಟಿಂಗ್ ಡಿಸ್ಕ್ ಉಳಿಯಿತು ಎಂದಾದ ಮೇಲೆ ಭಾವ ಒಳಗಿನ ಮರದ ಕಪಾಟು ತೆರೆದರು. ಹಳೆಯ ಹಾರ್ಡ್ ಡಿಸ್ಕ್ ಒಂಬತ್ತು. 500 ಜಿಬಿಯದ್ದು ನಾಲ್ಕು, 1 ಟಿಬಿಯದ್ದು ಐದು. 2012ರಿಂದ ಈಚೆಯ ಮದುವೆಗಳೆಲ್ಲ ಅದರಲ್ಲಿ. ಬಟ್ಟೆ ಕಪಾಟಿನಲ್ಲಿ ಬರುವ ಪಸೆಯ ವಾಸನೆ ಅಲ್ಲೂ ಇತ್ತು.

ಅದರ ಪಕ್ಕದಲ್ಲೇ ಕ್ಯಾಮೆರಾ ಲೆನ್ಸುಗಳ ಡ್ರೈ ಕ್ಯಾಬಿನೆಟ್. ಲೆನ್ಸಿಗೆ ಫಂಗಸ್ ಬರುತ್ತದೆ ಎಂದು ತೇವಾಂಶ 45 ಶೇಕಡಾಕ್ಕೆ ಹಿಡಿದಿಟ್ಟಿದ್ದಾರೆ. ಕ್ಯಾಬಿನೆಟ್‌ನ ಹೊರಗೆ ಮೀಟರ್ 90 ತೋರಿಸುತ್ತಿತ್ತು. ಲೆನ್ಸ್ ಹೋದರೆ ಇನ್ನೊಂದು ಕೊಳ್ಳಬಹುದು. ಈ ಡಿಸ್ಕಿನಲ್ಲಿ ಇರುವುದನ್ನು ಎಲ್ಲಿಂದ ಕೊಳ್ಳುವುದು? ಅದನ್ನು ಹೇಳಿದಾಗ ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕ್ಯಾಬಿನೆಟ್‌ನ ಕೆಳಗಿನ ತಟ್ಟು ಖಾಲಿ ಮಾಡಿಕೊಟ್ಟರು.

ಒಂಬತ್ತರಲ್ಲಿ ಆರು ಸರಿಯಾಗಿ ಓದಿದವು. ಮೂರು ಓದಲಿಲ್ಲ.

ಮೊದಲನೆಯದು 500 ಜಿಬಿಯದ್ದು. ತಿರುಗುತ್ತದೆ, ಕಂಪ್ಯೂಟರಿಗೆ ಕಾಣುವುದಿಲ್ಲ. ಟಿಕ್ ಶಬ್ದ ಇಲ್ಲ. ಕೆಳಗಡೆಯ ಹಸಿರು ಬೋರ್ಡಿನ ನಕ್ಷತ್ರದ ಆಕಾರದ ಸ್ಕ್ರೂಗಳನ್ನು ಬಿಚ್ಚಿ ಬೋರ್ಡನ್ನು ಮೆಲ್ಲಗೆ ಎತ್ತಿದೆ. ಇದರಿಂದ ತಟ್ಟೆ ಇರುವ ಒಳಭಾಗ ತೆರೆಯುವುದಿಲ್ಲ, ಭಯ ಬೇಡ. ಬೋರ್ಡಿನ ಒಳಮುಖದಲ್ಲಿ ಹೆಡ್‌ನ ತಂತಿಗಳು ಒತ್ತಿ ಕೂರುವ ಸಣ್ಣ ಸಣ್ಣ ಬಿಂದುಗಳಿವೆ. ಬೆಳ್ಳಿ ಬಣ್ಣ ಇರಬೇಕಾದವು ಕಪ್ಪಾಗಿದ್ದವು. ಹತ್ತು ಮಳೆಗಾಲದ ಪಸೆ. ಸೊಸೆಯ ಕಂಪಾಸ್ ಬಾಕ್ಸಿನಿಂದ ಬಿಳಿ ರಬ್ಬರ್ ತೆಗೆದುಕೊಂಡು ಒಂದೊಂದೇ ಬಿಂದುವನ್ನು ಮೆತ್ತಗೆ ಉಜ್ಜಿದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಒಣಗಿಸಿ, ಮತ್ತೆ ಕೂರಿಸಿದೆ. ಕಾಣಿಸಿತು. ಪೂರ್ತಿ ಕಾಪಿ ಆಯಿತು.

ಎರಡನೆಯದು ಹೊರಗೆ ಇಡುವ ಬಗೆಯದ್ದು, 12 ವೋಲ್ಟ್ ಅಡಾಪ್ಟರ್ ಬೇಕಾಗುವಂಥದ್ದು. ಸತ್ತ ಹಾಗೆ ಇತ್ತು. ತಿರುಗುವುದೂ ಇಲ್ಲ. ಕೇಳಿದಾಗ ಸ್ಟುಡಿಯೋದ ಹುಡುಗ ಒಮ್ಮೆ ಲ್ಯಾಪ್‌ಟಾಪ್ ಅಡಾಪ್ಟರ್ ಚುಚ್ಚಿದ್ದು ಗೊತ್ತಾಯಿತು. ಪಿನ್ ಒಂದೇ ಅಳತೆ, ಆದರೆ ಅದು 19 ವೋಲ್ಟ್. ಪೆಟ್ಟಿಗೆಯಿಂದ ಡ್ರೈವ್ ಹೊರಗೆ ತೆಗೆದು ಮಲ್ಟಿಮೀಟರ್ ಹಿಡಿದೆ. 12 ವೋಲ್ಟಿನ ದಾರಿ ಮತ್ತು ಗ್ರೌಂಡ್ ನಡುವೆ ಪೂರ್ತಿ ಶಾರ್ಟ್. ಇದು ಒಳ್ಳೆಯ ಸುದ್ದಿ. ಬೋರ್ಡಿನಲ್ಲಿ ಕರೆಂಟ್ ಬರುವ ಬಾಗಿಲಲ್ಲೇ ಟಿವಿಎಸ್ ಡಯೋಡ್ ಎಂಬ ಕಾವಲು ಇರುತ್ತದೆ. ವೋಲ್ಟೇಜ್ ಏರಿದರೆ ಅದು ತಾನು ಶಾರ್ಟ್ ಆಗಿ ಹಿಂದಿನ ಚಿಪ್‌ಗಳನ್ನು ಉಳಿಸುತ್ತದೆ. ಆ ಡಯೋಡನ್ನು ಸೋಲ್ಡರಿಂಗ್ ಐರನ್‌ನಿಂದ ತೆಗೆದೆ. ಶಾರ್ಟ್ ಹೋಯಿತು. ಸರಿಯಾದ ಅಡಾಪ್ಟರ್ ಕೊಟ್ಟಾಗ ಡ್ರೈವ್ ತಿರುಗಿತು. ಈಗ ಅದಕ್ಕೆ ಕಾವಲಿಲ್ಲ, ಹಾಗಾಗಿ ಕಾಪಿ ತೆಗೆದ ಕೂಡಲೇ ಅದನ್ನು ಕೆಲಸದಿಂದ ಬಿಡಿಸಿದೆವು. ಸೊಸೆ ಅಡಾಪ್ಟರ್‌ಗಳಿಗೆಲ್ಲ ಬಣ್ಣದ ಟೇಪ್ ಸುತ್ತಿದಳು, 12 ವೋಲ್ಟಿಗೆ ಕೆಂಪು, 19ಕ್ಕೆ ಹಳದಿ.

ಇಂಥ ಹೊತ್ತಿನಲ್ಲಿ ಅದೇ ಮಾಡೆಲಿನ ಇನ್ನೊಂದು ಡ್ರೈವ್ ತಂದು ಬೋರ್ಡ್ ಬದಲಿಸುವವರಿದ್ದಾರೆ. ಬಹಳ ಹಳೆಯ ಡ್ರೈವ್‌ಗಳಲ್ಲಿ ಅದು ನಡೆಯುತ್ತಿತ್ತು. ಈಗಿನ ಬೋರ್ಡಿನಲ್ಲಿ ಆ ಒಂದು ಡ್ರೈವಿಗಷ್ಟೇ ಹೊಂದುವ ಅಳತೆಗಳನ್ನು ಒಂದು ಚಿಪ್ಪಿನಲ್ಲಿ ಬರೆದಿರುತ್ತಾರೆ. ಹಳೆ ಬೋರ್ಡಿನ ಆ ಚಿಪ್ ತೆಗೆದು ಹೊಸದಕ್ಕೆ ಕೂರಿಸದೆ ಕೆಲಸ ಆಗುವುದಿಲ್ಲ.

ಮೂರನೆಯದು ಕರೆಂಟ್ ಕೊಟ್ಟ ಕ್ಷಣದಿಂದ ಬಿಡದೆ ಟಿಕ್ ಟಿಕ್. ಎರಡು ಸೆಕೆಂಡಿನಲ್ಲಿ ಆಫ್ ಮಾಡಿದೆ. ಅದನ್ನು ಬದಿಗಿಟ್ಟೆ.

ನಡುವೆ ಒಂದು ಸಣ್ಣ ಕೆಲಸ. ಕಂಪ್ಯೂಟರಿನ ಒಳಗಿದ್ದ 1 ಟಿಬಿ ಡ್ರೈವಿನಲ್ಲಿ 199ನೇ ಸಾಲು 340 ತೋರಿಸುತ್ತಿತ್ತು. ಇದು ಡಿಸ್ಕಿನ ರೋಗ ಅಲ್ಲ, ಡ್ರೈವನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ಲಿನದ್ದು. ಕೇಬಲ್ ಬದಲಿಸಿದೆ. ಆ ಲೆಕ್ಕ ಕಡಿಮೆಯಾಗುವುದಿಲ್ಲ, ಆದರೆ 340ರಲ್ಲೇ ನಿಂತಿದೆ. ಇಷ್ಟಕ್ಕೇ ಡ್ರೈವ್ ಬದಲಿಸಿದವರೂ ಇದ್ದಾರೆ.

ಹೊಸದು ಯಾವುದು?

"ಎಲ್ಲದಕ್ಕೂ ಒಂದು 8 ಟಿಬಿಯ ಎಕ್ಸ್‌ಟರ್ನಲ್ ತಂದುಬಿಡುವ. ಒಂದರಲ್ಲೇ ಮುಗೀತದೆ," ಎಂದರು ಭಾವ.

ನನಗೆ ಇದು ಒಪ್ಪಿಗೆಯಾಗಲಿಲ್ಲ. ಎಷ್ಟು ಟಿಬಿ ಎಂದು ಕೇಳುವ ಮೊದಲು ಆ ಡ್ರೈವಿಗೆ ಯಾವ ಕೆಲಸ ಎಂದು ಕೇಳಬೇಕು. ಸ್ಟುಡಿಯೋದಲ್ಲಿ ಎರಡು ಬೇರೆ ಬೇರೆ ಕೆಲಸ ಇದೆ. ಒಂದು, ಈಗ ಎಡಿಟ್ ಮಾಡುತ್ತಿರುವ ಮದುವೆ. ಅದಕ್ಕೆ ವೇಗ ಬೇಕು. ಇನ್ನೊಂದು, ಮುಗಿಸಿ ಕೊಟ್ಟ ಮದುವೆ. ಅದಕ್ಕೆ ವೇಗ ಬೇಡ, ಬಾಳಿಕೆ ಬೇಕು, ಎರಡು ಪ್ರತಿ ಬೇಕು. ಇವೆರಡನ್ನೂ ಒಂದೇ ಡ್ರೈವಿನ ತಲೆಗೆ ಕಟ್ಟಿದ್ದರಿಂದಲೇ ಈ ಆಟಿ ಹೀಗಾಯಿತು.

ಎಡಿಟಿಂಗ್ ಡಿಸ್ಕಿನ ಲೆಕ್ಕ ನೋಡಿ. 7200ರ ಡ್ರೈವಿನಲ್ಲಿ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ಹೆಡ್‌ನ ಕೆಳಗೆ ಬರಲು ಸರಾಸರಿ ಅದರ ಅರ್ಧ. ಹೆಡ್ ಆ ಟ್ರ್ಯಾಕಿಗೆ (ತಟ್ಟೆಯ ಮೇಲೆ ಡೇಟಾ ಬರೆದ ಸುತ್ತು) ಹೋಗಲು ಸುಮಾರು 9. ಒಟ್ಟು 13 ಮಿಲಿಸೆಕೆಂಡ್. ಅಂದರೆ ಸೆಕೆಂಡಿಗೆ ಎಪ್ಪತ್ತೈದು ಬೇರೆ ಬೇರೆ ಜಾಗ ಮುಟ್ಟಬಹುದು, ಅಷ್ಟೇ. ಎರಡು ಕ್ಯಾಮೆರಾದ 4ಕೆ ವಿಡಿಯೋ, ಹಾಡು, ಥಂಬ್‌ನೇಲ್ ಎಲ್ಲ ಒಟ್ಟಿಗೆ ಕೇಳಿದರೆ ಹೆಡ್ ಅತ್ತಿತ್ತ ಓಡಿ ಸುಸ್ತಾಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅದೇ ಕೆಲಸ ನೂರು ಪಟ್ಟು ಬೇಗ.

ಹಾಗಾಗಿ ಎಡಿಟಿಂಗ್‌ಗೆ 1 ಟಿಬಿಯ ಎನ್‌ವಿಎಂಇ (ಸಾಟಾಕ್ಕಿಂತ ವೇಗದ ಬಗೆ) ಎಸ್‌ಎಸ್‌ಡಿ. ಒಂದು ಮದುವೆಗೆ 150 ಜಿಬಿ ಎಂದರೂ ಐದು ಮದುವೆ ಒಟ್ಟಿಗೆ ಕೂರುತ್ತದೆ. ಕೊಳ್ಳುವ ಮೊದಲು ಮದರ್‌ಬೋರ್ಡಿನ ಪುಸ್ತಕ ನೋಡಿದೆ. ಅಂಥ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಇದ್ದ ಮಾತ್ರಕ್ಕೆ ಎನ್‌ವಿಎಂಇ ನಡೆಯುತ್ತದೆ ಎಂದಿಲ್ಲ, ಕೆಲವು ಸ್ಲಾಟ್ ಸಾಟಾ ಎಸ್‌ಎಸ್‌ಡಿಗೆ ಮಾತ್ರ. ಎರಡೂ ನೋಡಲು ಒಂದೇ ತರಹ ಇರುತ್ತವೆ. 2280 ಎಂಬ ನಂಬರ್ ಅಳತೆ ಮಾತ್ರ: 22 ಮಿಲಿಮೀಟರ್ ಅಗಲ, 80 ಉದ್ದ.

ಎಸ್‌ಎಸ್‌ಡಿಯಲ್ಲಿ ಟಿಎಲ್‌ಸಿ, ಕ್ಯೂಎಲ್‌ಸಿ ಎಂದು ಎರಡು ಬಗೆ ಅಂಗಡಿಯಲ್ಲಿ ಸಿಗುತ್ತದೆ. ಒಂದು ಕೋಶದಲ್ಲಿ ಟಿಎಲ್‌ಸಿ 3 ಬಿಟ್ ಇಡುತ್ತದೆ, ಕ್ಯೂಎಲ್‌ಸಿ 4. ಕ್ಯೂಎಲ್‌ಸಿ ಅಗ್ಗ. ಮನೆ ಬಳಕೆಗೆ ಸಾಕು. ಆದರೆ 128 ಜಿಬಿ ಕಾರ್ಡುಗಳನ್ನು ಒಂದರ ಹಿಂದೆ ಒಂದು ಸುರಿಯುವಾಗ ಅದರ ವೇಗದ ಮೀಸಲು ಜಾಗ ತುಂಬಿ, ಆಮೇಲೆ ಹಾರ್ಡ್ ಡಿಸ್ಕಿಗಿಂತ ನಿಧಾನ ಆಗುವುದೂ ಉಂಟು. ಭಾವನಿಗೆ ಟಿಎಲ್‌ಸಿಯೇ, ಡಿರ‍್ಯಾಮ್ ಎಂಬ ವೇಗದ ನೆನಪಿನ ಚಿಪ್ ಇರುವುದೇ ಬೇಕು ಎಂದು ಹಟ ಹಿಡಿದೆ. ಬರೆದು ಬರೆದು ಸವೆಯುತ್ತದೆ ಎಂಬ ಭಯ ಅವರಿಗಿತ್ತು. ಇಂಥ 1 ಟಿಬಿ ಡ್ರೈವಿಗೆ ಸಾಮಾನ್ಯವಾಗಿ 600 ಟಿಬಿ ಬರೆಯುವವರೆಗೆ ವಾರಂಟಿ ಇರುತ್ತದೆ. ಭಾವ ವರ್ಷಕ್ಕೆ 30 ಟಿಬಿ ಬರೆದರೂ ಇಪ್ಪತ್ತು ವರ್ಷ ಆಯಿತು.

ಹಾಕಿದ ಮೇಲೆ 1 ಟಿಬಿಯ ಹಳೆ ಹಾರ್ಡ್ ಡಿಸ್ಕ್ ಕಾಣೆಯಾಯಿತು! ಎದೆ ಒಮ್ಮೆ ಝಲ್ ಎಂದಿತು. ಪುಸ್ತಕದಲ್ಲೇ ಉತ್ತರ ಇತ್ತು. ಆ ಬೋರ್ಡಿನಲ್ಲಿ ಎಂ.2 ಸ್ಲಾಟ್ ಬಳಸಿದರೆ ಒಂದು ಸಾಟಾ ಪೋರ್ಟ್ ಬಂದ್ ಆಗುತ್ತದೆ. ಕೇಬಲನ್ನು ಪಕ್ಕದ ಪೋರ್ಟಿಗೆ ಹಾಕಿದಾಗ ಡಿಸ್ಕ್ ಬಂತು.

ಹಂಚಿನ ಮಾಡು

ಕಾದಿಡುವ ಡ್ರೈವ್ ಆರಿಸುವುದರಲ್ಲಿ ಜಾಸ್ತಿ ಹೊತ್ತು ಹೋಯಿತು. ಇಲ್ಲಿ ಜನ ಮೋಸ ಹೋಗುವುದು ಸಿಎಂಆರ್, ಎಸ್‌ಎಂಆರ್ ಎಂಬ, ತಟ್ಟೆಯಲ್ಲಿ ಬರೆಯುವ ಎರಡು ಬಗೆಗಳ ವ್ಯತ್ಯಾಸ ಗೊತ್ತಿಲ್ಲದೆ.

ಭಾವನಿಗೆ ಅವರ ಮನೆಯ ಮಾಡನ್ನೇ ತೋರಿಸಿದೆ. ಹಂಚು ಹೇಗೆ ಹೊದೆಸುತ್ತಾರೆ? ಮೇಲಿನ ಸಾಲು ಕೆಳಗಿನ ಸಾಲನ್ನು ಸ್ವಲ್ಪ ಮುಚ್ಚುತ್ತದೆ. ಕೆಳಗಿನ ಸಾಲಿನ ಒಂದು ಹಂಚು ಒಡೆದರೆ ಸುಮ್ನೆ ಎಳೆದು ತೆಗೆಯಲು ಆಗುವುದಿಲ್ಲ. ಮೇಲಿನದ್ದನ್ನು ಎತ್ತಬೇಕು, ಅದಕ್ಕೆ ಅದರ ಮೇಲಿನದ್ದನ್ನು ಸರಿಸಬೇಕು. ಎಸ್‌ಎಂಆರ್ ಡ್ರೈವಿನಲ್ಲಿ ಟ್ರ್ಯಾಕುಗಳು ಹೀಗೇ ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಮುಚ್ಚಿಕೊಂಡಿರುತ್ತವೆ. ಹಾಗೆ ಮಾಡಿದರೆ ಅದೇ ತಟ್ಟೆಯಲ್ಲಿ ಜಾಸ್ತಿ ಹಿಡಿಯುತ್ತದೆ, ಬೆಲೆ ಕಡಿಮೆಯಾಗುತ್ತದೆ. ಆದರೆ ಮಧ್ಯದ ಒಂದು ಟ್ರ್ಯಾಕನ್ನು ತಿದ್ದಬೇಕಾದರೆ ಆ ಪಟ್ಟಿಯಲ್ಲಿ ಮುಂದಿರುವ ಟ್ರ್ಯಾಕುಗಳನ್ನೆಲ್ಲ ಮತ್ತೆ ಬರೆಯಬೇಕು. ಸಿಎಂಆರ್‌ನಲ್ಲಿ ಅಂಗಳಕ್ಕೆ ಹಾಸಿದ ಕಲ್ಲಿನ ಹಾಗೆ ಪಕ್ಕ ಪಕ್ಕ, ಯಾವುದನ್ನೂ ಬೇರೆಯಾಗಿ ಎತ್ತಿ ಕೂರಿಸಬಹುದು.

"ಅದಕ್ಕೇ ಆ ಸಣ್ಣ ಪೋರ್ಟಬಲ್ ಡ್ರೈವಿಗೆ ಕಾಪಿ ಮಾಡುವಾಗ ಮೊದಲು ಬೇಗ ಹೋಗಿ ಮತ್ತೆ ಬಸವನಹುಳು ಆಗುವುದಾ?" ಎಂದರು. ಅದಕ್ಕೇ. ಇವತ್ತು ಸಿಗುವ ಎರಡೂವರೆ ಇಂಚಿನ ಪೋರ್ಟಬಲ್‌ಗಳಲ್ಲಿ ಹೆಚ್ಚಿನವು ಎಸ್‌ಎಂಆರ್.

ಎಸ್‌ಎಂಆರ್ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಒಮ್ಮೆ ಬರೆದು ಹಾಗೇ ಇಡುವುದಾದರೆ ಆದೀತು. ಆದರೆ ಭಾವ ಫೋಲ್ಡರ್ ಅಳಿಸುತ್ತಾರೆ, ಸರಿಸುತ್ತಾರೆ, ಮತ್ತೆ ತುಂಬಿಸುತ್ತಾರೆ. ಅವರಿಗೆ ಸಿಎಂಆರ್ ಬೇಕು. ಪೆಟ್ಟಿಗೆಯ ಮೇಲೆ ಇದು ಹೆಚ್ಚಾಗಿ ಬರೆದಿರುವುದಿಲ್ಲ. 2020ರಲ್ಲಿ ಈ ವಿಷಯ ದೊಡ್ಡ ಗಲಾಟೆಯಾದ ಮೇಲೆ ಕಂಪೆನಿಗಳು ಯಾವ ಮಾಡೆಲ್ ಯಾವ ಬಗೆ ಎಂಬ ಪಟ್ಟಿ ಹೊರಗಿಟ್ಟಿವೆ. ಹೆಸರು ನೋಡಿ ಕೊಳ್ಳದೆ ಲೇಬಲ್ಲಿನ ಪೂರ್ತಿ ಮಾಡೆಲ್ ನಂಬರನ್ನು ಆ ಪಟ್ಟಿಯಲ್ಲಿ ಹುಡುಕಬೇಕು. ಉದಾಹರಣೆಗೆ ಸೀಗೇಟ್ ಐರನ್‌ವುಲ್ಫ್, ಡಬ್ಲ್ಯುಡಿ ರೆಡ್ ಪ್ಲಸ್ ಇವು ಸಿಎಂಆರ್. ಬರೀ "ರೆಡ್" ಮತ್ತು "ರೆಡ್ ಪ್ಲಸ್" ಬೇರೆ ಬೇರೆ, ಗಮನಿಸಿ.

ಆರು ಡ್ರೈವಿನಿಂದ, ರಿಪೇರಿ ಮಾಡಿದ ಎರಡರಿಂದ ತೆಗೆದದ್ದನ್ನು ಭಾವ ಒಂದು ವಾರ ಕೂತು ಸೋಸಿದರು. ಎರಡೆರಡು ಸಲ ಇದ್ದದ್ದು ಹೋಗಿ 2.6 ಟಿಬಿ ಉಳಿಯಿತು. ವರ್ಷಕ್ಕೆ ಇನ್ನು 1 ಟಿಬಿಯ ಹಾಗೆ ಸೇರುತ್ತದೆ. 6 ಟಿಬಿಯ ಡ್ರೈವ್ ವಿಂಡೋಸ್‌ನಲ್ಲಿ 5.45 ಎಂದು ಕಾಣುತ್ತದೆ. ಕಂಪೆನಿ ಸಾವಿರದಿಂದ ಲೆಕ್ಕ ಹಾಕುತ್ತದೆ, ವಿಂಡೋಸ್ 1024ರಿಂದ, ಅಷ್ಟೇ. ಮೂರು ವರ್ಷಕ್ಕೆ ಹತ್ತಿರ ಹತ್ತಿರ ಸಾಕು. ಈ ಬಗೆಯ ಡ್ರೈವಿಗೆ ವಾರಂಟಿಯೂ ಮೂರು ವರ್ಷ. ಒಂದು 8 ಟಿಬಿಯ ಬದಲು 6 ಟಿಬಿಯದ್ದು ಎರಡು, ಬೇರೆ ಬೇರೆ ಕಂಪೆನಿಯದ್ದು. ಒಂದೇ ದಿನ ಒಂದೇ ಪೆಟ್ಟಿಗೆಯಿಂದ ಬಂದ ಎರಡು ಡ್ರೈವ್‌ಗೆ ಒಂದೇ ದೋಷ ಇರುವ ಸಾಧ್ಯತೆ ಜಾಸ್ತಿ.

ಹಾಗಾದರೆ ಕಾದಿಡುವುದಕ್ಕೂ ಎಸ್‌ಎಸ್‌ಡಿ ಏಕೆ ಬೇಡ? ಎಸ್‌ಎಸ್‌ಡಿ ಡೇಟಾ ಹಿಡಿಯುವುದು ವಿದ್ಯುತ್ತಿನ ಸಣ್ಣ ಸಣ್ಣ ಸಂಗ್ರಹವಾಗಿ. ಕರೆಂಟ್ ಇಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೆ ಅದು ಮೆಲ್ಲಮೆಲ್ಲ ಸೋರುತ್ತದೆ. ಜಾಗ ಬಿಸಿಯಾಗಿದ್ದರೆ ಬೇಗ. ಕಾಂತದಿಂದ ಬರೆದ ಹಾರ್ಡ್ ಡಿಸ್ಕಿಗೆ ಆ ತೊಂದರೆ ಇಲ್ಲ. ಬೆಲೆಯೂ ಟಿಬಿ ಲೆಕ್ಕದಲ್ಲಿ ಕಡಿಮೆ.

ಹೊಸದನ್ನೂ ನಂಬುವ ಮೊದಲು

ಡ್ರೈವ್ ಬಂದ ದಿನ ಫೈಲ್ ಹಾಕಲು ಭಾವನಿಗೆ ಅವಸರ. ನಾನು ಮೂರು ದಿನ ಕೇಳಿದೆ. ಮೊದಲು ಸ್ಮಾರ್ಟ್ ತೆಗೆದು ಓಡಿದ ಗಂಟೆ ಸೊನ್ನೆಯ ಹತ್ತಿರ ಇದೆಯೇ ಎಂದು ನೋಡಿದೆ. ಸೀರಿಯಲ್ ನಂಬರನ್ನು ಕಂಪೆನಿಯ ವಾರಂಟಿ ಪುಟದಲ್ಲಿ ಹಾಕಿ ನೋಡಿದೆ. ಓಡಿ ಹಳತಾದ ಡ್ರೈವಿನ ಗಂಟೆ ಲೆಕ್ಕ ಅಳಿಸಿ ಹೊಸದೆಂದು ಮಾರಿದ್ದು 2025ರಲ್ಲಿ ಯುರೋಪಿನಲ್ಲಿ ಬಯಲಾಗಿತ್ತು. ಹಾಗಾಗಿ ಎರಡೂ ನೋಡಬೇಕು.

ಆಮೇಲೆ ಡ್ರೈವಿನ ತುಂಬ ಬರೆದು, ಬರೆದದ್ದನ್ನು ವಾಪಸ್ ಓದಿ ಹೊಂದಿಸುವ ಪರೀಕ್ಷೆ. ಬ್ಯಾಡ್‌ಬ್ಲಾಕ್ಸ್ ಎಂಬ ಪ್ರೋಗ್ರಾಂ ಇದನ್ನು ಮಾಡುತ್ತದೆ. ಇದ್ದದ್ದನ್ನೆಲ್ಲ ಅಳಿಸುತ್ತದೆ, ಖಾಲಿ ಡ್ರೈವಿಗೆ ಮಾತ್ರ. 6 ಟಿಬಿಗೆ ಒಂದು ಹಗಲು ಒಂದು ರಾತ್ರಿ ಹಿಡಿಯಿತು. ಹೊಸ ಡ್ರೈವ್ ಕೈ ಕೊಡುವುದಾದರೆ ಈ ಖಾಲಿ ಇರುವ ಹೊತ್ತಿನಲ್ಲೇ ಕೊಡಲಿ.

ಇಲ್ಲಿ ಒಂದು ಎಡವಟ್ಟು ಆಯಿತು. ಡ್ರೈವನ್ನು ಹೊರಗಿನಿಂದ ಜೋಡಿಸುವ ನನ್ನ ಹಳೆಯ ಯುಎಸ್‌ಬಿ ಡಾಕ್‌ನಲ್ಲಿ ಎರಡನೇ ಡ್ರೈವ್ ಹಾಕಿದಾಗ 1.45 ಟಿಬಿ ಎಂದು ತೋರಿಸಿತು. ಭಾವ ಮೋಸ ಆಯಿತು ಎಂದು ಎದ್ದೇ ನಿಂತರು. ಮೋಸ ಅಲ್ಲ. ಹಳೆ ಡಾಕ್ ಸೆಕ್ಟರುಗಳನ್ನು 32 ಬಿಟ್‌ನಲ್ಲಿ ಎಣಿಸುತ್ತದೆ. ಸುಮಾರು 2.2 ಟಿಬಿಗೆ ಅದರ ಎಣಿಕೆ ಮುಗಿದು ಮತ್ತೆ ಸೊನ್ನೆಯಿಂದ ಶುರು. 6ರಿಂದ ಎರಡು ಸಲ 2.2 ಕಳೆದರೆ ಉಳಿಯುವುದು 1.6, 1024ರ ಲೆಕ್ಕದಲ್ಲಿ ಅದೇ 1.45. ನೇರ ಸಾಟಾ ಕೇಬಲಿಗೆ ಹಾಕಿದಾಗ 5.45 ಬಂತು. ಇದೇ ಕಾರಣಕ್ಕೆ ದೊಡ್ಡ ಡ್ರೈವನ್ನು ಭಾಗ ಮಾಡುವಾಗ ಹಳೆ ಬಗೆಯ ಎಂಬಿಆರ್ ಅಲ್ಲ, ಹೊಸ ಬಗೆಯ ಜಿಪಿಟಿ ಎಂದೇ ಸಿದ್ಧಮಾಡಬೇಕು.

ಪರೀಕ್ಷೆ ಓಡುವಾಗ ಸೊಸೆ ಕೇಳಿದಳು, "ಮಾವ, ಮೊದಲ ಹಾರ್ಡ್ ಡಿಸ್ಕ್ ಎಷ್ಟು ದೊಡ್ಡದಿತ್ತು?" 1956ರಲ್ಲಿ ಐಬಿಎಂ ಮಾಡಿದ್ದು. ಎರಡು ಅಡಿ ಅಗಲದ ಐವತ್ತು ತಟ್ಟೆ, ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ನಿನ್ನ ಅಪ್ಪನ ಕ್ಯಾಮೆರಾದ ಒಂದು ರಾ ಫೋಟೋ ಇಡಲು ಅಂಥ ಐದಾರು ಯಂತ್ರ ಬೇಕಾಗುತ್ತಿತ್ತು ಎಂದೆ. ಅವಳು ಕೈಚಾಚಿ ಎರಡು ಅಡಿ ಅಳೆದು ನೋಡಿದಳು.

ಈಗ ಇರುವ ಹಾಗೆ

ಕಾರ್ಡಿನಿಂದ ಎಸ್‌ಎಸ್‌ಡಿಗೆ, ಅದೇ ರಾತ್ರಿ ಒಂದು 6 ಟಿಬಿಗೆ. ಎರಡೂ ಕಡೆ ಬಂದ ಮೇಲೆಯೇ ಕಾರ್ಡ್ ಅಳಿಸುವುದು. ಕಾಪಿ ಮಾಡಿದ ಮೇಲೆ ಹೊಂದಿಸಿ ನೋಡುವ ಆಯ್ಕೆಯನ್ನು ಟೆರಾಕಾಪಿ ಎಂಬ ಕಾಪಿ ಪ್ರೋಗ್ರಾಂನಲ್ಲಿ ಹಾಕಿಕೊಟ್ಟಿದ್ದೇನೆ. ಎರಡನೇ 6 ಟಿಬಿ ಅಕ್ಕನ ಮನೆಯಲ್ಲಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ. ತಿಂಗಳಿಗೊಮ್ಮೆ ಸ್ಟುಡಿಯೋಗೆ ಬಂದು ಹೊಸದನ್ನು ತುಂಬಿಸಿಕೊಂಡು ವಾಪಸ್ ಹೋಗುತ್ತದೆ. ಉಳಿದ ಹೊತ್ತಿನಲ್ಲಿ ಯಾವ ವೈರೂ ಅದಕ್ಕೆ ತಾಗಿರುವುದಿಲ್ಲ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲು ನಮ್ಮೂರಲ್ಲಿ ಹೇಗೆ ಎಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ.

ಬಿಡದೆ ಟಿಕ್ ಟಿಕ್ ಎನ್ನುತ್ತಿದ್ದ ಆ ಒಂಬತ್ತನೆಯದನ್ನು ನಾನು ತೆರೆಯಲಿಲ್ಲ. ಭಾವನ ರಿಜಿಸ್ಟರ್ ಪ್ರಕಾರ ಅದರಲ್ಲಿ 2012ರ ಮೂರು ಮದುವೆ ಇತ್ತು. ಅವರು ಮೂರೂ ಮನೆಗೆ ಫೋನ್ ಮಾಡಿದರು. ಎರಡು ಮನೆಯಲ್ಲಿ ಆಗ ಕೊಟ್ಟ ಡಿವಿಡಿ ಸರಿ ಇದೆ, ಅದರಿಂದ ಕಾಪಿ ತೆಗೆದು 6 ಟಿಬಿಗೆ ಸೇರಿಸಿದ್ದೂ ಆಯಿತು. ಮೂರನೇ ಮನೆಯ ಡಿವಿಡಿಗೆ ಬೂಸ್ಟು ಹಿಡಿದು ಓದುವುದಿಲ್ಲ. ಲ್ಯಾಬಿನ ಖರ್ಚಿನಲ್ಲಿ ಅರ್ಧ ತಾನು ಕೊಡುತ್ತೇನೆ ಎಂದರು ಭಾವ. ಮನೆಯವರು ಒಪ್ಪಿದರು. ಸೋಮವಾರ ಅದನ್ನು ಆಂಟಿಸ್ಟ್ಯಾಟಿಕ್ ಕವರಿನಲ್ಲಿ ಹಾಕಿ, ದಪ್ಪ ಸ್ಪಂಜಿನ ನಡುವೆ ಇಟ್ಟು, "ಕರೆಂಟ್ ಕೊಟ್ಟದ್ದು ಎರಡೇ ಸೆಕೆಂಡ್, ಮುಚ್ಚಳ ತೆರೆದಿಲ್ಲ" ಎಂದು ಚೀಟಿ ಬರೆದು ಕಳಿಸಿದೆವು. ಉತ್ತರ ಇನ್ನೂ ಬಂದಿಲ್ಲ.